ಕೈಗೆ ಗೊತ್ತಾದ ತೂಕ

ಇದನ್ನು ಬರೆಯಬೇಕೆಂದು ಮೂರು ಸಲ ನೋಟ್‌ಬುಕ್ ತಂದಿದ್ದೇನೆ. ಮೊದಲನೆಯದು ಹೆಂಡತಿಯ ಭಜನೆ ಹಾಡುಗಳಿಗೆ ಹೋಯಿತು. ಎರಡನೆಯದರ ತುಂಬ ಮೊಮ್ಮಗಳು ಚಿಟ್ಟೆ ಬರೆದಳು. ಎರಡು ಸಲವೂ ನಾನು ಮೇಲೆ ಗೊಣಗಿದೆ, ಒಳಗೊಳಗೇ ಖುಷಿಪಟ್ಟೆ. ಎಂಟು ವರ್ಷಗಳಿಂದ ಮುಂದೂಡುತ್ತ ಬಂದ ಮಾತಿಗೆ ಇನ್ನೊಂದಷ್ಟು ದಿನ ಸಿಕ್ಕಿತಲ್ಲ ಎಂದು. ಮೂರನೆಯದನ್ನು ಬೀರುವಿನಲ್ಲಿ ಪಂಚೆಗಳ ಕೆಳಗೆ ಬಚ್ಚಿಟ್ಟು, ಮಧ್ಯಾಹ್ನ ಮನೆಯವರು ಮಲಗಿದ ಮೇಲೆ ತೆಗೆದು ಬರೆಯುತ್ತಿದ್ದೇನೆ. ಎಸ್ಸೆಸ್ಸೆಲ್ಸಿಯವರೆಗೆ ಓದಿದವನು ನಾನು. ಕನ್ನಡದಲ್ಲಿ ಒಳ್ಳೆಯ ಅಂಕ ಬಂದಿತ್ತು ಎಂಬುದೊಂದೇ ಧೈರ್ಯ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ತಪ್ಪು ಒಪ್ಪಿಕೊಳ್ಳಲು ಕುಳಿತ ಮುದುಕರನ್ನು ಪೂರ್ತಿ ನಂಬಬೇಡಿ. ಒಪ್ಪಿಕೊಳ್ಳುತ್ತಲೇ ಎಲ್ಲೋ ಒಂದು ಮೂಲೆಯಲ್ಲಿ ತಮ್ಮನ್ನು ಒಳ್ಳೆಯವರನ್ನಾಗಿ ಮಾಡಿಕೊಳ್ಳುತ್ತಿರುತ್ತಾರೆ. ನಾನೂ ಮಾಡುತ್ತೇನೆ. ಅಂಥ ಕಡೆ ನೀವೇ ಹಿಡಿಯಬೇಕು.

ಕಳೆದ ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ಒಂದು ಸಿನಿಮಾ ಬಂತು. ಮನೆಮಂದಿಯೆಲ್ಲ ಕೂತು ನೋಡುವಂಥದು, ಅಂದರೆ ಅಳಿಸುವಂಥದು. ಹೆಂಡತಿ ತೀರಿಹೋದ ಒಬ್ಬ ಸ್ಕೂಲ್ ವ್ಯಾನ್ ಡ್ರೈವರ್ ಅನಾಥಾಶ್ರಮದಿಂದ ಒಂದು ಹೆಣ್ಣುಮಗುವನ್ನು ದತ್ತು ತರುತ್ತಾನೆ. ಆ ಮಗು ತಟ್ಟೆ ಎಸೆಯುತ್ತದೆ, ಡಾಕ್ಟರ ಕೈ ಕಚ್ಚುತ್ತದೆ, ಮಂಚದ ಕೆಳಗೆ ಹೋಗಿ ಕೂರುತ್ತದೆ. ಪಕ್ಕದ ಮನೆಯಲ್ಲೊಬ್ಬ ಮುದುಕ. ಬಾಯಲ್ಲಿ ಬ್ರಷ್ ಇಟ್ಟುಕೊಂಡು ಕಾಂಪೌಂಡಿನ ಮೇಲಿಂದ ಇಣುಕುವುದೇ ಅವನ ಕೆಲಸ. ಮಗು ಏನನ್ನು ಮುಟ್ಟಿತು, ಏನನ್ನು ಎತ್ತಿಕೊಂಡಿತು ಎಂದು ನೋಡುತ್ತಾನೆ. ಒಗೆದ ಬಟ್ಟೆಗೆ ಹಾಕಿದ ಕ್ಲಿಪ್ಪುಗಳು ಸರಿಯಾಗಿವೆಯೇ ಎಂದು ಎಣಿಸುತ್ತಾನೆ. ಅವನು ಬಂದಾಗಲೆಲ್ಲ ಹಿಂದಿನಿಂದ ಪೀಪಿ ಊದುತ್ತಾರೆ, ನಾವು ನಗಬೇಕು.

"ತಾತ, ಇವ್ರು ಥೇಟ್ ನಿನ್ ಥರಾನೇ!" ಎಂದಳು ಮೊಮ್ಮಗಳು ಸಿಂಚನ, ಸೋಫಾದಿಂದ ಜಾರುವಷ್ಟು ನಗುತ್ತ. ಹತ್ತು ವರ್ಷದ ಹುಡುಗಿ, ಮನಸ್ಸಿನಲ್ಲಿ ಬಂದದ್ದು ಬಾಯಲ್ಲಿ.

ನನ್ನ ಹೆಂಡತಿ ಜಯಮ್ಮನೂ ನಕ್ಕಳು. ನಗುತ್ತ ನಗುತ್ತ ನನ್ನ ಕಡೆ ತಿರುಗಿದವಳು ಅಲ್ಲಿಗೇ ನಿಲ್ಲಿಸಿದಳು.

ಸಿನಿಮಾದ ಮುದುಕನಿಗೆ ಕೊನೆಯ ಹತ್ತು ನಿಮಿಷದಲ್ಲಿ ಬುದ್ಧಿ ಬಂತು. ಒಂದು ಡಬ್ಬಿ ಮೈಸೂರುಪಾಕು ಹಿಡಿದು ಬಂದ, ಮಗುವಿನ ಮುಂದೆ ಮಂಡಿಯೂರಿ ಅತ್ತ, ಮಗು ಅವನ ಕೊರಳಿಗೆ ಜೋತುಬಿತ್ತು. ಜಯಮ್ಮ ಕಣ್ಣೊರೆಸಿಕೊಂಡಳು. ನನಗೆ ಅನುಮಾನ ಬಂತು. ಒಂದು ಡಬ್ಬಿ ಸಿಹಿಗೆ ಅಷ್ಟು ಬೇಗ ಕೊರಳಿಗೆ ಜೋತುಬೀಳುವ ಮಗುವಾಗಿದ್ದರೆ ಮೊದಲು ಕಚ್ಚಿದ್ದೇಕೆ? ನಾನು ಕಂಡ ಮಗು ಹಾಗಿರಲಿಲ್ಲ. ನಾನು ಕಂಡ ಮುದುಕನೂ ಹಾಗಿರಲಿಲ್ಲ.

ಆ ಮುದುಕನನ್ನು ಮೊದಲು ನಿಮಗೆ ಪರಿಚಯಿಸಬೇಕು. ಅನುಮಾನ ನನಗೆ ಸ್ವಭಾವವಲ್ಲ, ಹೊಟ್ಟೆಪಾಡು ಎಂದು ಬಹಳ ವರ್ಷ ಹೇಳಿಕೊಂಡು ತಿರುಗಿದೆ. ಯಶವಂತಪುರದ ಕಡೆ ಒಂದು ಕಾರ್ಖಾನೆಯ ಗೇಟಿನಲ್ಲಿ ನಾನು ತಪಾಸಣೆಯವನು. ಸಂಜೆ ಪಾಳಿ ಬಿಟ್ಟಾಗ ಸಾಲಾಗಿ ಬರುವವರ ಊಟದ ಡಬ್ಬಿ, ಚೀಲ, ಕೆಲವೊಮ್ಮೆ ಸೊಂಟ ಎಲ್ಲ ನೋಡಬೇಕು. ಒಳಗೆ ತಾಮ್ರದ ತಂತಿಯ ಕೆಲಸ. ತುಂಡುಗಳು ಹೊರಗೆ ಹೋಗುತ್ತಿದ್ದವು. ಎಲ್ಲರ ಡಬ್ಬಿ ಬಿಚ್ಚಿಸುತ್ತ ಕೂತರೆ ಬಸ್ಸು ತಪ್ಪುತ್ತದೆಂದು ಕೂಗಾಡುತ್ತಾರೆ. ಅದಕ್ಕೆ ನಾನು ಒಂದು ಉಪಾಯ ಕಲಿತೆ. ಡಬ್ಬಿಯನ್ನು ಹಿಡಿಯಿಂದ ಎತ್ತಿ, ಒಂದು ಸಲ ತೂಗಿ, ವಾಪಸ್ ಕೊಡುವುದು. ಖಾಲಿ ಡಬ್ಬಿ ಎಷ್ಟು ಭಾರ ಇರಬೇಕೋ ಅದು ಕೈಗೆ ಗೊತ್ತಿರುತ್ತಿತ್ತು. ಅದಕ್ಕಿಂತ ಚೂರು ಹೆಚ್ಚಾದರೂ ಬೆರಳು ಬಿಗಿಯುತ್ತಿತ್ತು. "ಗೌಡ್ರ ಕೈಗೆ ಕಣ್ಣಿದೆ ಕಣಯ್ಯ" ಎಂದು ಸೂಪರ್‌ವೈಸರ್ ಎಲ್ಲರ ಮುಂದೆ ಹೇಳಿದ್ದ. ಆ ಮಾತನ್ನು ನಾನು ಮನೆಗೆ ತಂದು, ಊಟದ ಹೊತ್ತಿನಲ್ಲಿ ಹೆಂಡತಿ ಮಕ್ಕಳಿಗೆ ಎಷ್ಟು ಸಲ ಬಡಿಸಿದೆನೋ.

ನಿವೃತ್ತಿಯಾದ ಮೇಲೆ ಗೇಟು ಹೋಯಿತು, ಕೈ ಹೋಗಲಿಲ್ಲ. ಕೊಡಿಗೇಹಳ್ಳಿಯಲ್ಲಿ ನಮ್ಮ ಹಳೇ ಹೆಂಚಿನ ಮನೆ ಕೆಡವಿ ಮೂರಂತಸ್ತು ಕಟ್ಟಿಸಿದ್ದೆವು. ಕೆಳಗೆ ನಾವು, ಮೇಲೆ ಬಾಡಿಗೆಯವರು. ಸಂಪಿನ ಪಕ್ಕ, ಗೇಟಿಗೆ ಎದುರಾಗಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡೆ. ಬಂದವರ ಚೀಲ ನೋಡುವುದು, "ಏನಮ್ಮ, ಇವತ್ತು ಸೊಪ್ಪು ಜಾಸ್ತಿ ತಂದಂಗಿದೆ" ಎನ್ನುವುದು. ಮಗಳ ಮದುವೆಗೆ ಬಂದಿಳಿದ ಬೀಗರ ಸೂಟ್‌ಕೇಸನ್ನು ಸಹಾಯ ಮಾಡುವವನಂತೆ ಎತ್ತಿ ತೂಗಿ ನೋಡಿದವನು ನಾನು. ಅಳಿಯನಿಗೆ ಅದು ಗೊತ್ತಾಗಿ, ಈಗಲೂ ನಮ್ಮ ಮನೆಗೆ ಬಂದರೆ ಬ್ಯಾಗನ್ನು ತಾನೇ ನನ್ನ ಕೈಗೆ ಕೊಟ್ಟು, "ನೋಡ್ಬಿಡಿ ಮಾವ, ಆಮೇಲೆ ಕಾಫಿ ಕುಡಿಯೋಣ" ಎನ್ನುತ್ತಾನೆ. ಎಲ್ಲರೂ ನಗುತ್ತಾರೆ. ನಾನೂ ನಗುತ್ತಿದ್ದೆ.

ಎರಡನೆಯ ಅಂತಸ್ತಿನಲ್ಲಿ ವಿಶಾಲಾಕ್ಷಿ ಎಂಬುವರು ಗಂಡನ ಜೊತೆ ಬಾಡಿಗೆಗಿದ್ದರು. ಸಹಕಾರನಗರದಲ್ಲಿ ರಕ್ತ ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ ಅವರ ಕೆಲಸ. ಮಕ್ಕಳಿರಲಿಲ್ಲ. ಬಂದ ಎರಡನೇ ವರ್ಷ ಗಂಡ ಹೃದಯಾಘಾತದಲ್ಲಿ ಹೋಗಿಬಿಟ್ಟರು. ಅವರ ಕಡೆಯ ಜನ ಬರುವುದು ತಡವಾದ್ದರಿಂದ ಶವ ಕೆಳಗಿಳಿಸಲು ನಾನೂ ಹೆಗಲು ಕೊಟ್ಟೆ. ಇದನ್ನು ಹೇಳುತ್ತಿರುವುದು ನನ್ನನ್ನು ಒಳ್ಳೆಯವನೆಂದು ತೋರಿಸಿಕೊಳ್ಳಲೇ ಎಂದು ನೀವು ಕೇಳಬಹುದು. ಸ್ವಲ್ಪ ಹೌದು. ಆದರೆ ಈ ಮಾತು ಮುಂದೆ ಬೇಕಾಗುತ್ತದೆ.

ಗಂಡ ಹೋಗಿ ಮೂರು ವರ್ಷಕ್ಕೆ, ಒಂದು ಬೆಳಗ್ಗೆ ಕೆಲಸಕ್ಕೆ ಹೊರಟ ವಿಶಾಲಾಕ್ಷಿ ನನ್ನ ಕುರ್ಚಿಯ ಮುಂದೆ ನಿಂತರು.

"ಸರ್, ಒಂದ್ ವಿಷಯ. ಮನೆಗೆ ಒಂದು ಮಗು ಬರ್ತಾ ಇದೆ. ದತ್ತು ತಗೋತಾ ಇದ್ದೀನಿ."

"ಒಳ್ಳೇದಮ್ಮ. ಎಷ್ಟು ತಿಂಗಳ ಮಗು?"

"ತಿಂಗಳಲ್ಲ ಸರ್. ಎಂಟು ವರ್ಷ."

"ಎಂಟು ವರ್ಷ ಅಂದ್ರೆ ಮಗುನಾಮ್ಮ ಅದು? ಬುದ್ಧಿ ಎಲ್ಲಾ ಆಗ್ಲೇ ಕೂತ್ಬಿಟ್ಟಿರುತ್ತೆ."

"ನನ್ ಬುದ್ಧೀನೂ ಕೂತ್ಬಿಟ್ಟಿದೆ ಸರ್" ಎಂದು ಅವರು ನಕ್ಕರು. "ಇಬ್ರೂ ಒಬ್ರ ಕೈ ಒಬ್ರು ಹಿಡ್ಕೊಂಡು ಏಳ್ತೀವಿ ಬಿಡಿ."

ಜೂನ್ ತಿಂಗಳಲ್ಲಿ ಅವರು ರೈಲಿನಲ್ಲಿ ಉತ್ತರ ಕರ್ನಾಟಕದ ಯಾವುದೋ ಊರಿಗೆ ಹೋಗಿ ಆ ಹುಡುಗಿಯನ್ನು ಕರೆದುಕೊಂಡು ಬಂದರು. ಕತ್ತರಿಸಿದ ಮೋಟು ಕೂದಲು, ಅಳತೆಗೆ ದೊಡ್ಡದಾದ ಹೊಸ ಫ್ರಾಕು, ಬೆನ್ನಿಗೆ ಒಂದು ಬ್ಯಾಗು. ಜಯಮ್ಮ ಬ್ಯಾಗು ತೆಗೆಯಲು ಹೋದರೆ ಎರಡು ಹೆಜ್ಜೆ ಹಿಂದೆ ಸರಿದಳು. ನನ್ನ ಬೆರಳು ಆಗಲೇ ಬಿಗಿಯಿತು.

"ಯಾವೂರು ನಿಂದು?" ಎಂದು ಕೇಳಿದೆ.

"ಗೊತ್ತಿಲ್ರಿ."

ಊರು ಗೊತ್ತಿಲ್ಲದವರನ್ನು ನನ್ನ ಸರ್ವಿಸ್ಸಿನಲ್ಲಿ ಒಬ್ಬರನ್ನೂ ಗೇಟಿನೊಳಗೆ ಬಿಟ್ಟವನಲ್ಲ. ಆವತ್ತು ಬೇರೇನೂ ಕೇಳಲಿಲ್ಲ.

ಸಿನಿಮಾದ ಮಗು ಒಂದೇ ಸಲ ಕಚ್ಚುತ್ತದೆ, ಅದೂ ನಮ್ಮನ್ನು ನಗಿಸಲು. ಇವಳು ಮೊದಲ ತಿಂಗಳಲ್ಲೇ ಶಾಲೆಯಲ್ಲಿ ಒಬ್ಬ ಹುಡುಗಿಯ ತೋಳು ಕಚ್ಚಿ ರಕ್ತ ಬರಿಸಿದಳು. ಸ್ನಾನಕ್ಕೆ ನೀರು ಹುಯ್ದರೆ ಬೀದಿ ಕೊನೆಯವರೆಗೆ ಕೇಳುವಂತೆ ಕಿರುಚುತ್ತಿದ್ದಳು. ದಿನಾ ಬೆಳಗ್ಗೆ ವಿಶಾಲಾಕ್ಷಿ ಒದ್ದೆ ಹಾಸಿಗೆಯನ್ನು ತಾರಸಿಯ ಗೋಡೆಯ ಮೇಲೆ ಹಾಕಿ, ಕೆಲಸಕ್ಕೆ ಓಡುತ್ತಿದ್ದರು. ಅವರ ಮುಖ ಇಳಿದುಹೋಗಿತ್ತು. ಆದರೂ ಸಂಜೆ ಮೆಟ್ಟಿಲಲ್ಲಿ ಕೂತು ಆ ಮೋಟು ಕೂದಲಿಗೆ ಎರಡು ಜುಟ್ಟು ಕಟ್ಟಲು ಹೆಣಗುತ್ತಿದ್ದರು. ಆಗ ನಮ್ಮ ಸಿಂಚನಳಿಗೆ ಎರಡು ವರ್ಷ. ಒಂದು ದಿನ ಆ ಹುಡುಗಿ ನಮ್ಮ ಬಾಗಿಲಲ್ಲಿ ಕೂತು ಕೂಸಿನ ಮುಂದೆ ಕೋತಿಯ ಹಾಗೆ ಮುಖ ಮಾಡಿ ನಗಿಸುತ್ತಿದ್ದಳು. ಕೂಸು ಬಿದ್ದು ಬಿದ್ದು ನಗುತ್ತಿತ್ತು. ನಾನು ಹೋಗಿ ಕೂಸನ್ನು ಎತ್ತಿಕೊಂಡು, ಮೊದಲು ಅದರ ಕೈಯಲ್ಲಿ ಬಳೆ ಇದೆಯೇ ಎಂದು ನೋಡಿದೆ. ಬಳೆ ಇತ್ತು. ಆ ಹುಡುಗಿ ನಾನು ನೋಡಿದ್ದನ್ನು ನೋಡಿದಳು.

ಆಮೇಲೆ ಗಂಟಿನ ಪ್ರಸಂಗ. ಅಮಾವಾಸ್ಯೆಯ ಬೆಳಗ್ಗೆ ಜಯಮ್ಮ ಮೆಟ್ಟಿಲ ಕೆಳಗಿನ ಕರೆಂಟ್ ಮೀಟರಿನ ಗೂಡು ಗುಡಿಸಲು ಹೋದವಳು ಕೂಗಿಕೊಂಡಳು.

"ಏನ್ರೀ! ಬೇಗ್ ಬನ್ರೀ! ಇದ್ಯಾಕೆ ಇಂಗೈತೆ ನೋಡಿ!"

ಒಂದು ಚೌಕದ ಬಟ್ಟೆ, ನಾಲ್ಕು ಮೂಲೆ ಸೇರಿಸಿ ಕಟ್ಟಿದ ಗಂಟು. ಕೋಲಿನಿಂದ ಬಿಡಿಸಿದೆ. ಒಳಗೆ ಕೆಂಪನೆಯ ಅನ್ನ, ಅದರ ಮೇಲೆ ಒಂದು ಹೋಳು ನಿಂಬೆಹಣ್ಣು. ಅಮಾವಾಸ್ಯೆ, ಕೆಂಪು ಅನ್ನ, ನಿಂಬೆಹಣ್ಣು! ನಮ್ಮ ಊರಿನವರಿಗೆ ಬೇರೆ ಸಾಕ್ಷಿ ಬೇಕೆ? ಜಯಮ್ಮ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ದೇವರ ಮನೆಗೆ ಓಡಿದಳು. ನಾನು ಗಂಟನ್ನು ಮೊರದಲ್ಲಿ ಹೊತ್ತು, ಹಿಂದೆ ತಿರುಗಿ ನೋಡದೆ ರೈಲ್ವೆ ಹಳಿಯ ಕಡೆ ಹೋಗಿ ಎಸೆದು, ಕಾಲು ತೊಳೆದು ಒಳಗೆ ಬಂದೆ. ಸಂಜೆ ವಿಶಾಲಾಕ್ಷಿಯವರನ್ನು ಗೇಟಿನಲ್ಲೇ ನಿಲ್ಲಿಸಿ, ಮಾಟಗೀಟ ಕಲಿತ ಕಡೆಯಿಂದ ಮಗು ತಂದಿದ್ದೀರಾ ಎಂದು ಕೇಳಿದೆ.

ಅವರು ಗಾಬರಿಯಾಗಿ ಕೇಳಿಸಿಕೊಂಡರು. ಕೆಂಪು ಅನ್ನ ಎಂದಕೂಡಲೇ ಹಣೆ ಒತ್ತಿಕೊಂಡರು. "ಸರ್, ಅದು ಬೀಟ್ರೂಟ್ ಪಲ್ಯ. ಅನ್ನಕ್ಕೆ ಕಲಸಿ, ಹಿಂಡ್ಕೊಳ್ಳೋಕೆ ಒಂದ್ ಹೋಳು ನಿಂಬೆಹಣ್ಣು ಇಟ್ಟು, ನಿನ್ನೆ ನಾನೇ ಅವಳ ಬಾಕ್ಸಿಗೆ ಹಾಕಿದ್ದೆ. ತಿನ್ನದೆ ಅಲ್ಲಿ ಯಾಕ್ ಇಟ್ಟಳೋ ನಂಗೂ ಗೊತ್ತಾಗ್ತಾ ಇಲ್ಲ."

ಜಯಮ್ಮ ಬಾಯಿಗೆ ಸೆರಗಿಟ್ಟುಕೊಂಡು ನಕ್ಕಳು. ಬೀಟ್ರೂಟ್ ಪಲ್ಯವನ್ನು ಮೊರದಲ್ಲಿ ಹೊತ್ತು ಹಳಿ ದಾಟಿಸಿದವನು ಇಡೀ ಕೊಡಿಗೇಹಳ್ಳಿಯಲ್ಲಿ ನಾನೊಬ್ಬನೇ ಇರಬೇಕು. ನಾನೂ ಅಲ್ಲೇ ನಕ್ಕು ಮುಗಿಸಿದ್ದರೆ ಈ ನೋಟ್‌ಬುಕ್ ಬೇಕಾಗುತ್ತಿರಲಿಲ್ಲ. ನನಗೆ ಅವಮಾನವಾಗಿತ್ತು. ಎಂಟು ವರ್ಷದ ಹುಡುಗಿ ನನ್ನನ್ನು ಪೆದ್ದನನ್ನಾಗಿ ಮಾಡಿದ್ದಳು. ಮಾಟವಲ್ಲದಿದ್ದರೆ ಮತ್ತೇನೋ ಇರಲೇಬೇಕು, ಅದನ್ನು ಹಿಡಿಯದೆ ಬಿಡುವುದಿಲ್ಲ ಎಂದುಕೊಂಡೆ.

ಮರುದಿನದಿಂದ ಗೇಟು ಶುರುವಾಯಿತು. ಬೆಳಗ್ಗೆ ಅವಳು ಶಾಲೆಗೆ ಹೊರಡುವಾಗ "ಏ ಹುಡ್ಗಿ, ಬ್ಯಾಗ್ ಕೊಡು" ಎನ್ನುತ್ತಿದ್ದೆ. ಕೊಡುತ್ತಿದ್ದಳು. ಎತ್ತಿ ತೂಗಿ ವಾಪಸ್ ಕೊಡುತ್ತಿದ್ದೆ. ಮಧ್ಯಾಹ್ನ ಬಂದಾಗ ಮತ್ತೆ. ಯಾಕೆಂದು ಒಂದು ದಿನವೂ ಕೇಳಲಿಲ್ಲ. ಕೆಲವು ದಿನಗಳಾದ ಮೇಲೆ ನಾನು ಕೇಳುವ ಮೊದಲೇ ಭುಜದಿಂದ ಜಾರಿಸಿ, ಎರಡೂ ಕೈಯಲ್ಲಿ ಮುಂದೆ ಹಿಡಿಯತೊಡಗಿದಳು. ಆಶ್ರಮದಲ್ಲಿ ಬೆಳೆದ ಮಗುವಿಗೆ ಇದೂ ಒಂದು ನಿಯಮವೆಂದು ಅನ್ನಿಸಿರಬೇಕು. ಒಂದು ವಾರದಲ್ಲಿ ಕೈಗೆ ಗೊತ್ತಾಯಿತು. ಅಲ್ಲಾಡಿಸಿದರೆ ಊಟದ ಡಬ್ಬಿ ಖಾಲಿಯ ಸದ್ದು ಮಾಡುತ್ತದೆ, ಬ್ಯಾಗಿನ ತೂಕ ಮಾತ್ರ ಇಳಿದಿಲ್ಲ. ಹೋದಷ್ಟೇ ಭಾರ ವಾಪಸ್ ಬರುತ್ತಿದೆ.

ಗೇಟಿನ ಭಾಷೆಯಲ್ಲಿ ಇದಕ್ಕೆ ಒಂದೇ ಅರ್ಥ. ಡಬ್ಬಿಯ ಊಟ ಹೊಟ್ಟೆಗೆ ಹೋಗಿದೆ, ಅದರ ಜಾಗಕ್ಕೆ ಬೇರೆ ಮಾಲು ಬಂದಿದೆ. ಶಾಲೆಯಿಂದ ಇವಳು ದಿನವೂ ಏನನ್ನೋ ಕದ್ದು ತರುತ್ತಿದ್ದಾಳೆ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಂದದ್ದು ಸಂತೋಷ. ನನ್ನ ಕೈ ಇನ್ನೂ ಸತ್ತಿಲ್ಲ ಎಂಬ ಸಂತೋಷ. ಆಗಲೇ ಬ್ಯಾಗು ಬಿಚ್ಚಿ ನೋಡಬಹುದಿತ್ತು. ಆದರೆ ಕಾರ್ಖಾನೆಯಲ್ಲಿ ನಾವು ಅನುಮಾನ ಬಂದ ದಿನವೇ ಹಿಡಿಯುತ್ತಿರಲಿಲ್ಲ. ಸಾಹೇಬರು ಇದ್ದ ದಿನ ನೋಡಿ ಹಿಡಿಯುತ್ತಿದ್ದೆವು.

ಸಾಹೇಬರು ಬಂದರು. ದತ್ತಿನ ವಿಷಯದಲ್ಲಿ ಹೀಗೊಂದು ಕ್ರಮ ಇದೆಯಂತೆ. ಮಗುವನ್ನು ಮನೆಗೆ ಕೊಟ್ಟರೂ ಕೊನೆಯ ಆದೇಶ ಆಗುವವರೆಗೆ ದತ್ತು ಕೊಡುವ ಸಂಸ್ಥೆಯವರು ಆಗಾಗ ಬಂದು ಮಗು ಹೇಗಿದೆ ಎಂದು ನೋಡಿ ಬರೆದುಕೊಂಡು ಹೋಗಬೇಕು. ಒಂದು ಶನಿವಾರ ಹನ್ನೆರಡು ಗಂಟೆಗೆ ಒಬ್ಬ ಹೆಣ್ಣುಮಗಳು ಕಾರಿನಲ್ಲಿ ಬಂದಿಳಿದರು. ಚಿಕ್ಕ ವಯಸ್ಸು, ಕೈಯಲ್ಲಿ ಫೈಲು. ವಿಶಾಲಾಕ್ಷಿ ಲ್ಯಾಬಿನಿಂದ ಬರುವುದು ಒಂದು ಗಂಟೆಗೆ. ಅಷ್ಟರವರೆಗೆ ನಮ್ಮ ವರಾಂಡದಲ್ಲಿ ಕೂತರು.

"ಅಂಕಲ್, ನೀವು ಹೌಸ್ ಓನರ್ ಅಲ್ವಾ? ಮಗು ಹೇಗ್ ಅಡ್ಜಸ್ಟ್ ಆಗಿದ್ದಾಳೆ? ನಿಮ್ಗೇನಾದ್ರೂ ಅನ್ಸಿದ್ರೆ ಹೇಳಿ."

ಫೈಲು ಹಿಡಿದವರು ನನ್ನ ಅಭಿಪ್ರಾಯ ಕೇಳಿ ಎಷ್ಟು ವರ್ಷವಾಗಿತ್ತೋ. ಬೆನ್ನು ತಾನಾಗಿ ನೆಟ್ಟಗಾಯಿತು.

"ಹೇಳೋದೇನ್ ಬಂತು ಮೇಡಂ. ಇನ್ನರ್ಧ ಗಂಟೆ ಕೂತಿರಿ, ತೋರಿಸ್ತೀನಿ."

ಜಯಮ್ಮ ಒಳಗಿನಿಂದ ಕಣ್ಣಲ್ಲೇ ಬೇಡ ಎಂದಳು. ನೋಡದವನಂತೆ ಕೂತೆ. ಆ ಹುಡುಗಿ ಬಂದಳು. ಕಾರು ನೋಡಿದಳು, ಫೈಲು ಹಿಡಿದವರನ್ನು ನೋಡಿದಳು. ಎಂದಿನಂತೆ ಬ್ಯಾಗು ಜಾರಿಸಿ ಮುಂದೆ ಹಿಡಿದಳು. ನಾನು ಈ ಸಲ ತೂಗಲಿಲ್ಲ. ಟೀಪಾಯಿ ಮೇಲೆ ಇಟ್ಟು ಜಿಪ್ಪು ಎಳೆದೆ.

"ಅಂಕಲ್, ಬೇಡ, ಹಾಗೆಲ್ಲ ಮಾಡ್ಬಾರ್ದು" ಎಂದರು ಆಕೆ. ಅಷ್ಟರಲ್ಲಿ ನಾನು ಒಂದೊಂದೇ ತೆಗೆದು ಸಾಲಾಗಿ ಇಡುತ್ತಿದ್ದೆ, ಗೇಟಿನಲ್ಲಿ ಇಡುತ್ತಿದ್ದ ಹಾಗೆ. ಪುಸ್ತಕಗಳು. ಪೆನ್ಸಿಲ್ ಡಬ್ಬಿ. ತೊಳೆದ ಊಟದ ಡಬ್ಬಿ. ಅದರ ಕೆಳಗೆ ಒಂದು ಪ್ಲಾಸ್ಟಿಕ್ ಕವರು. ಅದರಲ್ಲಿ ಮಡಿಸಿದ ಒಂದು ಫ್ರಾಕು, ಹಲ್ಲುಜ್ಜುವ ಬ್ರಷ್ಷು, ವಿಶಾಲಾಕ್ಷಿಯವರದೇ ಒಂದು ಪಾಸ್‌ಪೋರ್ಟ್ ಅಳತೆಯ ಫೋಟೋ. ಮತ್ತೆ ಅದೇ ಥರದ ಚೌಕದ ಬಟ್ಟೆಯ ಗಂಟು. ಬಿಚ್ಚಿದೆ. ಎರಡು ಚಪಾತಿ, ನಡುವೆ ಚಟ್ನಿಪುಡಿ, ಒಂದು ಬಾಳೆಹಣ್ಣು. ಬೆಳಗ್ಗೆ ಡಬ್ಬಿಗೆ ಹಾಕಿದ ಊಟ.

ಆಕೆ ಕೆಳಗೆ ಬಗ್ಗಿ ಮೆಲ್ಲಗೆ ಕೇಳಿದರು. "ಇದೇನು ಪುಟ್ಟಾ?"

"ಬುತ್ತಿ ರೀ."

"ಯಾಕಮ್ಮ ಬುತ್ತಿ?"

"ಹಾದಿಗೆ ರೀ."

"ಕೇಳಿದ್ರಾ ಮೇಡಂ?" ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. "ಓಡಿಹೋಗೋಕೆ ಗಂಟುಮೂಟೆ ಕಟ್ಟಿ ರೆಡಿ ಇಟ್ಕೊಂಡಿದ್ದಾಳೆ! ಹೋಗೋವಾಗ ಏನೇನ್ ಹೊತ್ಕೊಂಡ್ ಹೋಗ್ತಾಳೋ. ನಾನ್ ಹೇಳೋದ್ ಕೇಳಿ, ನಿಮ್ ಕಾರಲ್ಲೇ ಇವತ್ತೇ ವಾಪಸ್ ಕರ್ಕೊಂಡ್ ಹೋಗ್ಬಿಡಿ."

ಆಕೆ ಉತ್ತರ ಕೊಡುವ ಮೊದಲೇ ಆ ಹುಡುಗಿ ಟೀಪಾಯಿಯ ಹತ್ತಿರ ಬಂದಳು. ಗಂಟು ಕಟ್ಟಿದಳು. ಫ್ರಾಕಿನ ಮೇಲೆ ಫೋಟೋ, ಅದರ ಮೇಲೆ ಬ್ರಷ್ಷು ಇಟ್ಟು ಕವರು ಸುತ್ತಿದಳು. ಪುಸ್ತಕಗಳನ್ನು ಮಾತ್ರ ಬಿಟ್ಟಳು. ಅವು ಈ ಶಾಲೆಯವು ಎಂದುಕೊಂಡಳೋ ಏನೋ. ಬ್ಯಾಗು ಬೆನ್ನಿಗೆ ಹಾಕಿಕೊಂಡು ನನ್ನ ಮುಂದೆಯೇ ನಡೆದುಹೋಗಿ, ಕಾರಿನ ಹಿಂಬಾಗಿಲು ತೆಗೆದು, ಒಳಗೆ ಕೂತು, ಬಾಗಿಲು ಹಾಕಿಕೊಂಡಳು.

ಆಕೆ ಫೈಲು ಎದೆಗವುಚಿಕೊಂಡು ನನ್ನ ಕಡೆ ತಿರುಗಿದರು. ಕಣ್ಣಲ್ಲಿ ನೀರಿತ್ತು. ಈ ಹುಡುಗಿಯನ್ನು ಮೊದಲು ಬೇರೊಂದು ಮನೆಯವರು ಕರೆದುಕೊಂಡು ಹೋಗಿ, ನಾಲ್ಕು ತಿಂಗಳಿಟ್ಟುಕೊಂಡು, ನಮಗೆ ಒಗ್ಗುವುದಿಲ್ಲವೆಂದು ವಾಪಸ್ ತಂದು ಬಿಟ್ಟಿದ್ದರಂತೆ. ಶಾಲೆಯಿಂದ ಬಂದವಳನ್ನು ಹಾಗೆಯೇ ಬಸ್ಸಿಗೆ ಹತ್ತಿಸಿ, ಇಡೀ ದಿನದ ದಾರಿಯಲ್ಲಿ ವಾಂತಿ ಮಾಡಿಕೊಳ್ಳುತ್ತಾಳೆಂದು ಏನೂ ತಿನ್ನಲು ಕೊಡಲಿಲ್ಲವಂತೆ. ಆವತ್ತಿನಿಂದ ಅವಳು ದಿನವೂ ಬುತ್ತಿ ಕಟ್ಟಿಟ್ಟುಕೊಳ್ಳುತ್ತಾಳೆ, ಆಶ್ರಮದಲ್ಲೂ ಹೀಗೇ ಮಾಡುತ್ತಿದ್ದಳು ಎಂದರು. ಹಳೆಯದು ಕೆಟ್ಟರೆ ಬಿಸಾಡಿ ಹೊಸದು. ಮತ್ತೆ ಯಾವತ್ತು ಕಳಿಸುತ್ತಾರೋ ಗೊತ್ತಿಲ್ಲವಲ್ಲ.

ಇಷ್ಟು ಕೇಳಿದ ಮೇಲೆ ನನ್ನ ಮನಸ್ಸು ಕರಗಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಕರಗಲಿಲ್ಲ. ಒಬ್ಬರು ವಾಪಸ್ ಕೊಟ್ಟಿದ್ದಾರೆಂದರೆ ಸುಮ್ಮನೆ ಕೊಟ್ಟಿರುತ್ತಾರೆಯೇ ಎಂದೇ ನಾನು ಯೋಚಿಸಿದ್ದು.

ಒಂದು ಗಂಟೆಗೆ ವಿಶಾಲಾಕ್ಷಿ ಬಂದರು. ಮಗಳು ಕಾರಿನಲ್ಲಿ ಕೂತಿರುವುದನ್ನು ಕಂಡು, ಯಾರನ್ನೂ ಏನೂ ಕೇಳದೆ ರಸ್ತೆಯಲ್ಲೇ ಮಂಡಿಯೂರಿ ಕಿಟಕಿಗೆ ಮುಖವಿಟ್ಟರು.

"ಇಳಿ ಪುಟ್ಟಾ. ಊಟ ಮಾಡೋಣ ಬಾ."

"ನಾ ಅಳಂಗಿಲ್ರಿ" ಎಂದಳು ಹುಡುಗಿ. "ಹಿಂದಿನ ಸಲ ಅತ್ತಿದ್ನಿ, ಅದಕ್ಕ ಅವ್ರಿಗೆ ಸಿಟ್ಟು ಬಂದಿತ್ತು. ಈ ಸಲ ಅಳಂಗಿಲ್ಲ."

ಬೀದಿಯ ಜನ ಸೇರಿದ್ದರು. ವಿಶಾಲಾಕ್ಷಿ ಎದ್ದು, ಆ ಕಡೆಯ ಬಾಗಿಲಿನಿಂದ ತಾವೂ ಒಳಗೆ ಹೋಗಿ ಅವಳ ಪಕ್ಕ ಕೂತರು. ನಾನು ಗೇಟು ಹಿಡಿದು ನಿಂತಿದ್ದೆ; ಕಿಟಕಿ ತೆರೆದಿತ್ತು, ಎಲ್ಲ ಕೇಳಿಸಿತು.

"ಎಲ್ಲಿಗೂ ಹೋಗ್ತಾ ಇಲ್ಲ ನಾವು. ಹೋಗೋದೇ ಇಲ್ಲ ಅಂದ್ಮೇಲೆ ಬುತ್ತಿ ಯಾಕ್ ಇಟ್ಕೋಬೇಕು? ತಗಿ, ನಂಗೂ ಹಸಿವಾಗಿದೆ."

ಆಮೇಲೆ ಗಂಟು ಬಿಚ್ಚಿಕೊಂಡಿತು. ಒಂದು ಚಪಾತಿ ತಾಯಿಗೆ, ಒಂದು ತನಗೆ. ಬಾಳೆಹಣ್ಣನ್ನು ಮುರಿದು ಎರಡು ಮಾಡಿದಳು. ಹಿಂದಿನ ಸೀಟಿನಲ್ಲಿ ಇಬ್ಬರೂ ತಿಂದರು. ತಿಂದು ಮುಗಿಸಿ, ಬಟ್ಟೆ ಕೊಡವಿ, ಅವರು ಇಳಿದು ಮೇಲೆ ಹೋದರು. ಟೀಪಾಯಿಯ ಮೇಲಿದ್ದ ಪುಸ್ತಕಗಳನ್ನು ಜಯಮ್ಮ ಎತ್ತಿಕೊಂಡು ಹೋಗಿ ಕೊಟ್ಟು ಬಂದಳು. ಮೂರು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ನಾನು ಹೇಳಿದ್ದು ಫೈಲಿಗೆ ಹೋಗಿತ್ತು. ಅದನ್ನು ಬರೆಯದೆ ಬಿಡಲು ಆ ಹೆಣ್ಣುಮಗಳಿಗೆ ಅಧಿಕಾರವಿರಲಿಲ್ಲ. ಆದೇಶ ನಿಂತಿತು. ಮತ್ತೆ ವಿಚಾರಣೆ, ಮತ್ತೆ ಭೇಟಿ. ಮಗು ಉಳಿಯುತ್ತದೋ ಹೋಗುತ್ತದೋ ಗೊತ್ತಿಲ್ಲದೆ ವಿಶಾಲಾಕ್ಷಿ ತಿಂಗಳುಗಟ್ಟಲೆ ಕಾದರು. ಅದರ ನಡುವೆಯೇ ಮನೆ ಖಾಲಿ ಮಾಡಿದರು. ಬೀಗದ ಕೈ ಕೊಡಲು ಬಂದಾಗ ನನಗೆ ಬೈಯುತ್ತಾರೆಂದು ಕಾದಿದ್ದೆ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ.

"ನಮ್ಮೆಜಮಾನ್ರು ಹೋದಾಗ ಹೆಗಲು ಕೊಟ್ರಿ ಸರ್. ಅದನ್ನ ಮರೆಯಲ್ಲ" ಎಂದರು. "ಇದನ್ನೂ ಮರೆಯಲ್ಲ."

ಮೂರು ವರ್ಷದ ಮೇಲೆ ಸಹಕಾರನಗರದ ಒಂದು ತರಕಾರಿ ಅಂಗಡಿಯ ಮುಂದೆ ಅವರು ಸಿಕ್ಕರು. ಆದೇಶ ಆಗಿ ಎರಡು ವರ್ಷವಾಯಿತು, ಈಗ ಚಿಕ್ಕಜಾಲದ ಕಡೆ ಮನೆ, ಲ್ಯಾಬು ಮಾತ್ರ ಹಳೆಯದೇ ಎಂದರು. ಅಷ್ಟರಲ್ಲಿ ನನ್ನೊಳಗೆ ಏನೇನೋ ಆಗಿತ್ತು. ಸಿಂಚನ ಶಾಲೆಗೆ ಹೋಗಲು ಶುರುಮಾಡಿದ್ದಳು. ದಿನಾ ಅವಳ ಪುಟ್ಟ ಬ್ಯಾಗನ್ನು ಎತ್ತಿಕೊಂಡು ವ್ಯಾನಿನವರೆಗೆ ಹೋಗುವವನು ನಾನೇ. ಹೋಗುವಾಗ ಎಷ್ಟು ಭಾರ, ಬರುವಾಗ ಎಷ್ಟು ಹಗುರ ಎಂದು ನನ್ನ ಕೈ ಹೇಳುತ್ತಿತ್ತು. ಊಟ ಮಾಡಿ ಬಂದ ಮಗುವಿನ ಬ್ಯಾಗು ಹೇಗಿರುತ್ತದೆಂದು ನನಗೆ ಗೊತ್ತಾದದ್ದು ಆಗ.

"ತಪ್ಪಾಯ್ತಮ್ಮ" ಎಂದೆ, ಟೊಮ್ಯಾಟೊ ಆರಿಸುತ್ತಿದ್ದವರ ನಡುವೆ ನಿಂತು.

ವಿಶಾಲಾಕ್ಷಿ ನನ್ನ ಕಡೆ ತಿರುಗಿದರು. "ನನಗ್ಯಾಕ್ ಹೇಳ್ತೀರಾ ಸರ್? ಅಲ್ಲೇ ನಿಂತಿದ್ದಾಳೆ. ಹೋಗಿ ಹೇಳಿ."

ಹತ್ತು ಹೆಜ್ಜೆಯ ಆಚೆ ಸ್ಕೂಟರಿನ ಪಕ್ಕ ನಿಂತಿದ್ದಳು. ಎತ್ತರವಾಗಿದ್ದಳು, ಉದ್ದ ಜಡೆ, ಯೂನಿಫಾರ್ಮು. ನನ್ನನ್ನು ನೋಡಿದಳು. ನೋಡಿದವಳೇ ಭುಜದಿಂದ ಬ್ಯಾಗು ಜಾರಿಸಿ, ಎರಡೂ ಕೈಯಲ್ಲಿ ಮುಂದೆ ಹಿಡಿದುಕೊಂಡಳು.

ಬೆನ್ನು ನೋಯುತ್ತಿತ್ತೇನೋ. ಸ್ಕೂಟರಿನ ಮೇಲೆ ಇಡಲು ತೆಗೆದಳೇನೋ. ಹಾಗೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆಗ ಮಾತ್ರ ಆ ಹತ್ತು ಹೆಜ್ಜೆ ಇಡಲಿಲ್ಲ. "ಬಸ್ ಬಂತು ಕಣಮ್ಮ" ಎಂದು, ಬಾರದಿದ್ದ ಬಸ್ಸಿನ ಹೆಸರು ಹೇಳಿ, ತರಕಾರಿ ಕೂಡ ಬಿಟ್ಟು ಹೊರಟುಬಂದೆ. ಆಮೇಲೆ ನಾನು ಅವಳನ್ನು ನೋಡಿಲ್ಲ. ಈಗ ಅವಳಿಗೆ ಹದಿನಾರು ಹದಿನೇಳು ಇರಬೇಕು. ಚಿಕ್ಕವಳಿದ್ದಾಗಿನದು, ಮರೆತಿರುತ್ತಾಳೆ ಎಂದುಕೊಳ್ಳುತ್ತೇನೆ. ಹಾಗೆಂದುಕೊಂಡರೆ ನನಗೆ ಅನುಕೂಲ. ಅದಕ್ಕೇ ಆ ಮಾತನ್ನು ನಾನು ನಂಬುವುದಿಲ್ಲ.

ಭಾನುವಾರ ಸಿನಿಮಾ ಮುಗಿದ ಮೇಲೆ ಸಿಂಚನ ನನ್ನನ್ನು ಬಿಡಲಿಲ್ಲ.

"ಯಾಕ್ ತಾತ ಸಪ್ಪಗಾದೆ? ನಿನ್ ಥರ ಅಂದಿದ್ದಕ್ಕಾ? ತಮಾಷೆಗಂದೆ ಕಣ್ ತಾತ."

"ಬಾಯ್ ಬಿಡ್ರೀ" ಎಂದಳು ಜಯಮ್ಮ, ಎದ್ದು ಟಿವಿ ಆರಿಸುತ್ತ. "ಇನ್ನೂ ಎಷ್ಟ್ ದಿನ ಒಟ್ಟೇಲಿ ಇಟ್ಕಂಡಿರ್ತೀರಾ? ಮಗೀಗೆ ತಿಳಿಸಿ."

ಹೇಳಿದೆ. ಕೆಂಪು ಅನ್ನದ ಗಂಟಿಗೆ ಅವಳು ನಕ್ಕಳು. ಬ್ಯಾಗು ಬಿಚ್ಚಿದ್ದಕ್ಕೆ ನಗಲಿಲ್ಲ. ಕಾರಿನ ವಿಷಯ ಬಂದಾಗ ನನ್ನ ತೊಡೆಯ ಮೇಲಿಟ್ಟಿದ್ದ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ಪಾಪ ತಾತ ಎನ್ನುತ್ತಾಳೆಂದು ನಾನು ಕಾದೆ, ಸುಳ್ಳೇಕೆ. ಅನ್ನಲಿಲ್ಲ.

"ಸಾರಿ ಕೇಳ್ಲೇ ಇಲ್ವಾ?"

"ಅವರಮ್ಮನಿಗೆ ಕೇಳಿದೆ."

"ಅವ್ರಮ್ಮನ್ ಬ್ಯಾಗಲ್ವಲ್ಲ ತಾತ."

ಅವಳೇ ಮುಂದೆ ಕೇಳಿದಳು.

"ಈಗ ಎಲ್ಲಿದ್ದಾಳೆ?"

"ಚಿಕ್ಕಜಾಲದ ಕಡೆ ಅಂದಿದ್ರು."

"ಅಷ್ಟೇನಾ? ಏರ್‌ಪೋರ್ಟ್ ರೋಡಲ್ಲಿ ಬಸ್ ಹೋಗುತ್ತಲ್ಲ." ಎದ್ದು ನಿಂತವಳು ಏನೋ ನೆನಪಾಗಿ ತಿರುಗಿದಳು. "ಅವಳ ಹೆಸರೇನು?"

ಎಂಟು ತಿಂಗಳು ನನ್ನ ತಲೆಯ ಮೇಲಿನ ಮನೆಯಲ್ಲಿದ್ದಳು. ತಾಯಿ ದಿನಕ್ಕೆ ಹತ್ತು ಸಲ ಕೂಗುವುದು ಕುರ್ಚಿಯವರೆಗೆ ಕೇಳಿಸುತ್ತಿತ್ತು. ನಾನು ಮಾತ್ರ ಏ ಹುಡ್ಗಿ ಎಂದದ್ದು ಬಿಟ್ಟರೆ ಬೇರೆ ಕರೆದವನಲ್ಲ. ಇಷ್ಟು ಪುಟ ಬರೆದೆನಲ್ಲ, ಇಲ್ಲೂ ಹಾಗೇ ಬರೆದುಕೊಂಡು ಬಂದಿದ್ದೇನೆ. ಸಿಂಚನ ಕಾಯುತ್ತ ನಿಂತಿದ್ದಳು.

"ನೀಲವ್ವ" ಎಂದೆ.